ಬದುವಿನ ಈಚೆಯ ಮಣ್ಣು

ಭೀಮನಬೀಡು
೧೯–೮–೨೦೨೫, ಮಂಗಳವಾರ

ಪ್ರೀತಿಯ ತಮ್ಮ ಮಲ್ಲೇಶನಿಗೆ,

ಪ್ರೀತಿಯ ಅಂತ ಬರೆದದ್ದು ರೂಢಿಗೆ. ಸ್ಕೂಲಲ್ಲಿ ಹಾಗೇ ಕಲಿಸಿದ್ರು, ಕೈ ತಾನಾಗೇ ಬರೀತು, ನೀನು ಅದನ್ನ ನಿಜ ಅಂತ ತಿಳ್ಕೊಂಡು ಉಬ್ಬಬೇಡ. ಆರೋಗ್ಯ ಹೇಗಿದೆ? ನೀನು ವ್ಯಾಪಾರಕ್ಕೆ ಅಂತ ಹೋಗಿ ಕೂತಿರೋ ಸುಲ್ತಾನ್ ಬತ್ತೇರಿ ಕಡೆ ಮಳೆ ಬಿಟ್ಟೇ ಇಲ್ಲ ಅಂತಾರೆ. ನಿನಗೆ ಚಿಕ್ಕಂದಿನಿಂದ ಶೀತ ಆದ್ರೆ ಎದೆ ಕಟ್ಟುತ್ತೆ, ಮಲಗೋ ಮುಂಚೆ ಬಿಸಿನೀರು ಕುಡಿ, ಒದ್ದೆ ಬಟ್ಟೆಲಿ ಓಡಾಡಬೇಡ. ಮೈ ನೆಟ್ಟಗಿಟ್ಕೊ, ಯಾಕಂದ್ರೆ ಮುಂದೆ ಬರೆಯೋದನ್ನ ಜ್ವರದಲ್ಲಿ ಮಲಗಿರೋನಿಗೆ ಓದಿಸೋಕೆ ನನಗೂ ಮನಸ್ಸಿಲ್ಲ. ಇಲ್ಲಿ ಅವ್ವನ ಮಂಡಿನೋವು ಹಾಗೇ ಇದೆ. ನಿನ್ನ ಹೆಂಡತಿ ಮಧುಶ್ರೀ ಚೆನ್ನಾಗಿದಾಳೆ. ಪಾಪೂಗೆ ಮುಂದಿನ ಹಲ್ಲು ಎರಡೂ ಬಿದ್ದಿವೆ, ನಗೋಕೆ ನಾಚ್ಕೋತಾಳೆ, ದಿನಾ ಅಪ್ಪ ಯಾವಾಗ ಬರೋದು ಅಂತ ಕೇಳ್ತಾಳೆ.

ಗಂಡನ ಮನೆ ಕುದೇರಲ್ಲಿರಬೇಕಾದ ಅಕ್ಕ ಭೀಮನಬೀಡಿಂದ ಯಾಕೆ ಬರೀತಿದಾಳೆ ಅಂತ ನಿನಗೆ ಅನ್ನಿಸಿರಬೇಕು. ನಿನ್ನ ಮನೆ ಜಗಲಿ ಮೇಲೇ ಕೂತು ಬರೀತಿದೀನಿ ಕಣೋ. ಶುಕ್ರವಾರ ಅಂಗನವಾಡಿಲಿ ಬಾವುಟ ಹಾರಿಸಿ, ಮಕ್ಕಳಿಗೆ ಲಾಡು ಹಂಚಿ, ಚಾಮರಾಜನಗರಕ್ಕೆ ಬಂದು ಗುಂಡ್ಲುಪೇಟೆ ಬಸ್ಸು ಹತ್ತಿದೆ. ತೆರಕಣಾಂಬಿ ದಾಟೋವರೆಗೂ ನಿಂತೇ ಬಂದೆ, ಕೋಪದಲ್ಲಿ ಕಾಲುನೋವು ಗೊತ್ತೇ ಆಗಲಿಲ್ಲ. ಫೋನ್ ಮಾಡೋದು ಬಿಟ್ಟು ಕಾಗದ ಯಾಕೆ ಅಂದ್ರೆ, ನೀನು ಎತ್ತೋದಿಲ್ಲ. ಎತ್ತಿದ್ರೂ ನಾನು ಒಂದು ಮಾತು ಹೇಳೋದ್ರೊಳಗೆ ನೀನು ಹತ್ತು ಹೇಳಿ ನನ್ನನ್ನೇ ತಪ್ಪು ಮಾಡಿದೋಳ ಥರ ಮಾಡ್ಬಿಡ್ತೀಯ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕೋಕಾಗಲ್ಲ. ಪೂರ್ತಿ ಓದು.

ನಿನಗೆ ಗೊತ್ತಿರೋದನ್ನೇ ಮೊದಲು ಬರೀತೀನಿ, ಮರೆತಂಗೆ ಕಾಣ್ತೀಯ. ನಮ್ಮ ಹೊಲ ಒಟ್ಟು ಎರಡೂವರೆ ಎಕರೆ. ಅದರಲ್ಲಿ ಎರಡೆಕರೆ ನಿನಗೆ. ಬದುವಿನ ಈಚೆ ಕಡೆಯ ಇಪ್ಪತ್ತು ಗುಂಟೆ ಅಪ್ಪ ನನ್ನ ಮದುವೇಲಿ ಅರಿಶಿನ-ಕುಂಕುಮಕ್ಕೆ ಅಂತ ಬಿಟ್ಟುಕೊಟ್ಟದ್ದು. ಬಾಯಿಮಾತಲ್ಲಿ ಬಿಡದೆ ತಾಲ್ಲೂಕು ಆಫೀಸಿಗೆ ಅಲೆದು ಪಹಣಿಲಿ ದಾನೇಶ್ವರಿ ಅಂತ ನನ್ನ ಹೆಸರು ಬರೆಸಿ ಕೊಟ್ರು. ಮನೆ ನಿಮ್ಮ ಭಾವನ ಹೆಸರಲ್ಲಿದೆ, ಗಾಡಿ ಅವರ ಹೆಸರಲ್ಲಿದೆ, ಗ್ಯಾಸ್ ಕೂಡ ಅವರದೇ ಹೆಸರು. ಈ ಭೂಮಿ ಮೇಲೆ ನನ್ನದು ಅಂತ ಇರೋದು ಈ ಇಪ್ಪತ್ತು ಗುಂಟೆ ಒಂದೇ. ಅದಕ್ಕೇ ಹದಿನಾಲ್ಕು ವರ್ಷದಿಂದ ಪುಟ್ಟಮಾದಣ್ಣನ ಕೈಲಿ ಪಾಲಿಗೆ ಅರಿಶಿನ ಬೆಳೆಸ್ಕೊಂಡು ಬಂದಿದೀನಿ. ವರ್ಷಕ್ಕೆ ನಾಲ್ಕು ಸಲ ಬಂದು ಆ ಬದುವಿನ ಮೇಲೆ ಒಂದು ಗಳಿಗೆ ಕೂತು ಹೋಗ್ತಿದ್ದೆ, ಅಷ್ಟರಲ್ಲೇ ನನಗೆ ತವರಿಗೆ ಬಂದಂಗಾಗ್ತಿತ್ತು. ಇದನ್ನೆಲ್ಲ ನಿನಗೆ ನಾನು ಯಾವತ್ತೂ ಹೇಳಿರಲಿಲ್ಲ, ಹೇಳೋ ಪ್ರಸಂಗವೂ ಬಂದಿರಲಿಲ್ಲ.

ನಿನ್ನ ಕಸುಬಿನ ಮೇಲೆ ನನಗೆ ಹೆಮ್ಮೆ ಇತ್ತು, ಅದನ್ನೂ ಬರೆದುಬಿಡ್ತೀನಿ. ಯಾರಾದ್ರೂ ತಮ್ಮ ಏನು ಮಾಡ್ತಾನೆ ಅಂದ್ರೆ, ಟಿಪ್ಪರ್ ಇಟ್ಟಿದಾನೆ, ಒಬ್ಬರ ಸೈಟಲ್ಲಿ ಮಿಕ್ಕ ಮಣ್ಣನ್ನ ಇನ್ನೊಬ್ಬರ ತಗ್ಗು ಸೈಟಿಗೆ ತುಂಬಿಕೊಡ್ತಾನೆ, ಇಬ್ಬರಿಗೂ ಉಪಕಾರ ಅಂತ ಹೇಳ್ತಿದ್ದೆ. ಚಿಕ್ಕೋನಿದ್ದಾಗ ನೀನು ಮಣ್ಣು ತಿಂತಿದ್ದೆ. ಅವ್ವ ಕೂಲಿಯವರ ಜೊತೆ ಕಳೆ ಕೀಳ್ತಿದ್ರೆ, ನಾನು ನಿನ್ನ ಬಾಯೊಳಗೆ ಬೆರಳು ಹಾಕಿ ಹೆಂಟೆ ತೆಗೀತಿದ್ದೆ, ನೀನು ಕಚ್ತಿದ್ದೆ. ಎಡಗೈ ತೋರುಬೆರಳಲ್ಲಿ ಗುರುತು ಇನ್ನೂ ಇದೆ. ಮಣ್ಣಿನ ಋಣ ಇರೋ ಮಗು ಅಂತ ಅಪ್ಪ ನಗ್ತಿದ್ರು.

ಶಿವರಾತ್ರಿ ಕಳೆದ ಮೇಲೆ, ಅರಿಶಿನ ಕಿತ್ತು ಹೊಲ ಖಾಲಿ ಇದ್ದಾಗ, ನೀನು ಫೋನ್ ಮಾಡ್ದೆ. ಅಕ್ಕ, ಒಂದು ಕೆರೆ ಹೂಳು ಎತ್ತಿಸ್ತಾ ಇದಾರೆ, ಒಳ್ಳೆ ಗೋಡು ಸಿಗ್ತದೆ, ನಿನ್ನ ಹೊಲಕ್ಕೆ ಹಾಕ್ಸಿಬಿಡ್ತೀನಿ, ಮೂರು ವರ್ಷ ಗೊಬ್ಬರ ಬೇಕಾಗಲ್ಲ ಅಂದೆ. ಅದಕ್ಕೆ ಮೊದಲು ಮೇಲಿನ ಒಂದಡಿ ತೆಗೆಸ್ತೀನಿ, ಬರೀ ಕೊನ್ನಾರಿ ಗಡ್ಡೆ ತುಂಬ್ಕೊಂಡದೆ, ಅದು ಹೋದ್ರೆ ಕಳೆ ಕೀಳೋ ಕೂಲಿನೂ ಉಳೀತದೆ ಅಂದೆ. ನಾನು ಆಗಲಿ ಕಣಪ್ಪ ಅಂದೆ. ತಮ್ಮ ತಾನಾಗೇ ಮುಂದೆ ಬಂದು ನನಗೆ ಒಂದು ಒಳ್ಳೇದು ಮಾಡ್ತಿದಾನಲ್ಲ ಅಂತ ಕಣ್ಣಲ್ಲಿ ನೀರು ಬಂತು, ಅಡಿಗೆಮನೇಲಿ ನಿಂತು ಅದನ್ನೇ ನಿಮ್ಮ ಭಾವನಿಗೆ ಎರಡೆರಡು ಸಲ ಹೇಳ್ದೆ.

ಪುಟ್ಟಮಾದಣ್ಣ ಒಪ್ಪಲಿಲ್ಲ. ಜೆಸಿಬಿ ಹೊಲಕ್ಕಿಳಿದ ದಿನ ಅವನು ಯಾರದೋ ಫೋನ್ ಇಸ್ಕೊಂಡು ನನಗೆ ಮಾಡಿದ್ದ. "ಅವ್ವಾರೆ, ಕೊನ್ನಾರಿ ಅದೆ ಅಂತ ಯಾರಾದ್ರೂ ಒಲದ ಚರ್ಮ ಸುಲ್ದಾರಾ? ನಿಮ್ ತಮ್ಮಾರ್‌ಗೆ ಯೋಳಿ, ಗೋಡು ಆಕದಾದ್ರೆ ಇರಾ ಮಣ್ಣಿನ್ ಮ್ಯಾಲೇ ಆಕ್ಲಿ" ಅಂದ. ಅರವತ್ತು ವರ್ಷ ಮಣ್ಣು ಮುಟ್ಟಿದ ಮನುಷ್ಯ ಕಣೋ ಅವನು. ನಾನು ಏನಂದೆ ಗೊತ್ತಾ? ನಮ್ಮ ತಮ್ಮ ನನಗೆ ಮೋಸ ಮಾಡ್ತಾನಾ, ನೀನು ನಿನ್ನ ಕೆಲಸ ನೋಡ್ಕೊ ಪುಟ್ಟಮಾದಣ್ಣ ಅಂದೆ. ಹದಿನಾಲ್ಕು ವರ್ಷದಲ್ಲಿ ಒಂದು ದಿನ ಅವನಿಗೆ ಗಡುಸಾಗಿ ಮಾತಾಡಿರಲಿಲ್ಲ, ನಿನಗೋಸ್ಕರ ಮಾತಾಡಿದೆ. ಅವನು ಆಯ್ತು ಬುಡಿ ಅಂತ ಫೋನ್ ಇಟ್ಟ.

ಅವ್ವ ಅಂತೂ ಮೊದಲನೇ ಲೋಡು ಕಪ್ಪಗೆ ಹೊಳೀತಾ ಬಿದ್ದದ್ದು ನೋಡಿ ಅದರ ಮೇಲೆ ಅರಿಶಿನ ಕುಂಕುಮ ಹಾಕಿ ಕಾಯಿ ಒಡೆದಳು. ಗೋಡು ಬಂದ್ರೆ ಗಂಗಮ್ಮನೇ ಮನೆಗೆ ಬಂದಂಗೆ ಅನ್ನೋ ಕಾಲದೋಳು ಅವಳು, ಅವಳ ತಪ್ಪಲ್ಲ. ನೀನು ಪಕ್ಕದಲ್ಲೇ ನಿಂತು ಆ ಕಾಯಿಹೋಳು ತಿಂದೆ ಅಂತ ಮಧುಶ್ರೀ ಹೇಳಿದಳು. ಹೇಗೆ ತಿಂದೆಯೋ? ಯುಗಾದಿಗೆ ನಾನು ಒಬ್ಬಟ್ಟು ಮಾಡ್ಕೊಂಡು, ನಿನಗೆ ಶರಟಿನ ಬಟ್ಟೆ ತಗೊಂಡು ಬಂದೆ. ಗೋಡು ಹಾಕ್ಸಿದ್ದಕ್ಕೆ ಅಂತ ಬಾಯಿಬಿಟ್ಟು ಹೇಳಿ ಕೊಟ್ಟೆ. ನೀನು ಇಸ್ಕೊಂಡು, ಬಣ್ಣ ಚೆನ್ನಾಗದೆ ಅಕ್ಕ ಅಂದೆ.

ಮೇ ತಿಂಗಳಲ್ಲಿ ಪುಟ್ಟಮಾದಣ್ಣ ತನ್ನ ಮನೇಲಿ ಕಾದಿಟ್ಟಿದ್ದ ಬಿತ್ತನೆ ಅರಿಶಿನವನ್ನೇ ತಂದು ಹಾಕಿದ. ಮಳೆ ಬಂತು, ನೀರು ಇಂಗಲಿಲ್ಲ, ಹೊಲ ಕೆಸರುಗುಂಡಿ ಆಯ್ತು. ಬಿಸಿಲು ಬಂದ್ರೆ ಕೈ ತೂರೋವಷ್ಟು ಬಿರುಕು. ಜುಲೈ ಹೊತ್ತಿಗೆ ಅಗೆದು ನೋಡಿದ್ರೆ ಬೀಜವೆಲ್ಲ ಲೊಳ್ಳೆಯಾಗಿ ಕೊಳೆತು ನಾರ್ತಿತ್ತು. ಅಗೆದಾಗ ಇನ್ನೊಂದಷ್ಟು ಸಿಕ್ಕಿತು: ಗುಟ್ಕಾ ಪ್ಯಾಕೆಟ್ಟು, ಪಿವಿಸಿ ಪೈಪಿನ ಚೂರು, ನೀಲಿ ಹೂವಿರೋ ಬಾತ್‌ರೂಮ್ ಟೈಲ್ಸು. ಪುಟ್ಟಮಾದಣ್ಣ ಟೈಲ್ಸ್ ಚೂರನ್ನ ತೊಳೆದು ನನ್ನ ಕೈಗೆ ಕೊಟ್ಟು, ಕೆರೆ ಒಳಗೆ ಯಾರು ಬಚ್ಚಲುಮನೆ ಕಟ್ಸಿದ್ರು ಅವ್ವಾರೆ ಅಂದ. ನಾನು ನಿನಗೆ ಫೋನ್ ಮಾಡ್ದೆ. ಜನ ಕೆರೆಗೆ ಏನು ಬೇಕಾದ್ರೂ ಬಿಸಾಕ್ತಾರೆ ಕಣಕ್ಕ, ಈ ವರ್ಷ ಮಳೆ ಜಾಸ್ತಿ ಆಯ್ತು ಅಷ್ಟೇ ಅಂದೆ ನೀನು. ನಾನು ಮತ್ತೆ ನಂಬಿದೆ. ನನ್ನಷ್ಟು ದಡ್ಡಿ ಈ ಜಿಲ್ಲೇಲಿ ಇನ್ನೊಬ್ಬಳಿಲ್ಲ, ಅದನ್ನ ನಾನೇ ಬರ್ಕೊಡ್ತೀನಿ.

ಹತ್ತನೇ ತಾರೀಕು ಭಾನುವಾರ ಬೇಗೂರಲ್ಲಿ ನಮ್ಮ ಅಂಗನವಾಡಿ ಸೂಪರ್‌ವೈಸರ್ ಮೇಡಂ ಮನೆ ಗೃಹಪ್ರವೇಶ ಇತ್ತು. ಹೈವೇಯಿಂದ ಸ್ವಲ್ಪ ಒಳಗೆ, ದೊಡ್ಡ ಮನೆ, ಸುತ್ತ ಎರಡು ಸೈಟಿನಷ್ಟು ಜಾಗ. ಮೊದಲು ರಸ್ತೆಗಿಂತ ಮೂರಡಿ ತಗ್ಗಿತ್ತಂತೆ, ಈಗ ತುಂಬಿಸಿ ತೆಂಗಿನಸಸಿ, ದಾಸವಾಳ ಹಾಕಿದಾರೆ. ಮೇಡಂ ನನ್ನ ಕೈ ಹಿಡ್ಕೊಂಡು ಎಲ್ಲಾ ತೋರಿಸ್ತಾ ಹಿತ್ತಿಲಿಗೆ ಕರ್ಕೊಂಡು ಹೋದ್ರು. ಕಾರು ನಿಲ್ಲಿಸೋ ಜಾಗದಲ್ಲಿ, ತೆಂಗಿನ ಬುಡದಲ್ಲಿ, ಗೋಡೆ ಸಂದಿಲಿ, ಎಲ್ಲಿ ನೋಡಿದ್ರೂ ಅರಿಶಿನ ಎದ್ದಿದೆ. ಮೊಣಕಾಲುದ್ದ, ಎಲೆ ಹಸಿರು ಕಕ್ತಾ ಇದೆ. ಮೇಡಂ ನಕ್ಕು, "ಕಿತ್ತಷ್ಟೂ ಬರ್ತದೆ ಕಣ್ರೀ ದಾನೇಶ್ವರಿ, ನಿಮ್ಮ ತಮ್ಮಂದೇ ಮಣ್ಣು. ಕಪ್ಪು ಮಣ್ಣು ಬೇಡ, ಕೆಂಪು ಮಣ್ಣೇ ಬೇಕು ಅಂದಿದ್ವಿ. ನನ್ನ ಸ್ವಂತ ಹೊಲದ್ದೇ ಕೊಡ್ತೀನಿ ಅಂತ ಹಾಕ್ಸಿದ್ರು, ಪುಣ್ಯಾತ್ಮ" ಅಂದ್ರು.

ಕಿತ್ತಾಗ ಹೊಲದಲ್ಲಿ ಉಳಿಯೋ ಚೂರುಪಾರು ಅರಿಶಿನ ಮಳೆ ಬಿದ್ರೆ ಮೊಳೀತದೆ, ಅದು ನನಗೆ ಗೊತ್ತು, ನಿನಗೂ ಗೊತ್ತಿರಬೇಕಿತ್ತು. ನೀನು ಹೊಲ ಬಿಟ್ಟು ಟಿಪ್ಪರ್ ಹತ್ತಿ ಎಷ್ಟು ದಿನ ಆಯ್ತೋ ಏನೋ, ಅದು ಮರೆತೇ ಹೋಗಿದೆ. ನಾನು ಬಗ್ಗಿ ಒಂದು ಗಿಡ ಕಿತ್ತೆ. ಬೇರಿಗೆ ಅಂಟ್ಕೊಂಡಿದ್ದ ಮಣ್ಣನ್ನ ಅಂಗೈಲಿ ಉಜ್ಜಿದೆ. ನಮ್ಮ ಕೆಂಪು ಮಣ್ಣು, ಪುಡಿಪುಡಿಯಾಗಿ ಉದುರಿತು. ಅಲ್ಲಿ ಗೋಣು ಆಡಿಸಿ ನಕ್ಕೆ. ಊಟಕ್ಕೆ ಕೂತಾಗ ಅನ್ನ ಕಲೆಸಿ ಎಲೇಲೇ ಬಿಟ್ಟೆ. ಪಕ್ಕದಲ್ಲಿದ್ದೋರು ಯಾಕ್ರೀ ಅಂದ್ರು, ಖಾರ ಅಂದೆ.

ಅವತ್ತು ಸಂಜೆ ನೀನು ಒಂದೇ ಒಂದು ಸಲ ಫೋನ್ ಎತ್ತಿದೆ. ನಾನು ಅಳ್ತಾ ಇದ್ದೆ, ಸರಿಯಾಗಿ ಬೈಯೋಕೂ ಆಗಲಿಲ್ಲ. ನೀನು ಮೊದಲು ಇಲ್ಲ ಅಂದೆ, ಆಮೇಲೆ ನಕ್ಕೆ, ಆಮೇಲೆ ದುಡ್ಡು ಕೊಡ್ತೀನಿ ಬುಡಕ್ಕ, ಎಷ್ಟು ಅಂತ ಹೇಳು ಅಂದೆ. ಮಣ್ಣು ಮಣ್ಣೇ ಅಲ್ವಾ ಅಕ್ಕ, ತೆಗೆದಷ್ಟೂ ವಾಪಸ್ ತುಂಬಿದೀನಿ, ಒಂದು ಬುಟ್ಟಿ ಕಮ್ಮಿ ಮಾಡಿಲ್ಲ ಅಂದೆ. ಆ ಮಾತು ನನ್ನ ಎದೆ ಮೇಲೆ ಕೂತಿದೆ. ಎಲ್ಲಾ ಮಣ್ಣೂ ಒಂದೇ ಆದ್ರೆ ಮೇಡಂ ಕಪ್ಪು ಮಣ್ಣು ಬೇಡ ಅಂತ ಯಾಕೆ ಅಂದ್ರು? ಅವರು ಬೇಡ ಅಂದದ್ದನ್ನ ನನಗೆ ಗೋಡು ಅಂತ ಯಾಕೆ ಹೇಳ್ದೆ? ತೂಕಕ್ಕೆ ತೂಕ ಸರಿ ಇದೆ ಅಂತ ನೀನು ನ್ಯಾಯ ಹೇಳ್ತೀಯಲ್ಲ, ನಿನ್ನ ತಟ್ಟೇಲಿರೋ ಅನ್ನ ತೆಗೆದು ಅಷ್ಟೇ ಬೂದಿ ಹಾಕ್ತೀನಿ, ತಿಂತೀಯ?

ಆಮೇಲೆ ನಿನ್ನ ಫೋನ್ ಆಫ್. ಶುಕ್ರವಾರ ನಾನು ಇಲ್ಲಿಗೆ ಬಂದು ಮೊದಲು ನಿನ್ನ ಡ್ರೈವರ್ ಶಶಿಕುಮಾರನನ್ನ ಕೂರಿಸಿ ಕೇಳ್ದೆ. ಪಾಪ, ಅವನು ಸುಳ್ಳು ಹೇಳೋ ಜಾತಿಯಲ್ಲ, ತಲೆ ತಗ್ಗಿಸಿ ಎಲ್ಲಾ ಹೇಳಿದ. ಗುಂಡ್ಲುಪೇಟೆ ಟೌನಲ್ಲಿ ಯಾರದೋ ಕಾಂಪ್ಲೆಕ್ಸಿಗೆ ಸೆಲ್ಲಾರು ತೆಗೆದ ಮಣ್ಣಂತೆ. ಹಳೇ ಚರಂಡಿ ಪಕ್ಕದ ಜೇಡಿ, ಅದರ ಜೊತೆ ಕೆಡವಿದ ಕಟ್ಟಡದ ಕಸ. ರಸ್ತೇಲಿ ಬಿದ್ದಿತ್ತಂತೆ, ಯಾರಿಗೂ ಬೇಡ. ಅದನ್ನ ನನ್ನ ಹೊಲಕ್ಕೆ ಸುರಿದು, ನನ್ನದನ್ನ ತುಂಬ್ಕೊಂಡು ಬೇಗೂರಿಗೆ. ಹೋಗ್ತಾನೂ ಲೋಡು, ಬರ್ತಾನೂ ಲೋಡು. ಅಷ್ಟನ್ನೂ ನಾನು ಹೇಗೋ ಕೇಳಿಸ್ಕೊಂಡೆ. ಬದುವಿನ ಆಚೆ ಅದೇ ಕೆಂಪು ಮಣ್ಣು, ಮಲ್ಲೇಶನದೇ ಎರಡೆಕರೆ, ಎರಡು ವರ್ಷದಿಂದ ಬೀಳುಬಿದ್ದಿದೆ, ಅಲ್ಲಿಂದ ಯಾಕೆ ತೆಗೀಲಿಲ್ಲ ಅಂತ ಕೇಳ್ದೆ. ಶಶಿಕುಮಾರ ಆ ಕಡೆ ಈ ಕಡೆ ನೋಡಿ ಹೇಳಿದ, "ಅಣ್ಣ ಹೇಳಿದ್ರು, ಆ ಹೊಲ ಮುಟ್ಟಬೇಡ, ಶುಂಠಿ ಪಾರ್ಟಿಗೆ ತೋರ್ಸಿದೀನಿ, ಬದುವಿನ ಈಚೆ ಮಾತ್ರ ತೆಗಿ, ಅಕ್ಕ ಏನೂ ಅನ್ನಲ್ಲ ಅಂತ."

ಅಕ್ಕ ಏನೂ ಅನ್ನಲ್ಲ. ಬತ್ತೇರಿಯ ಶುಂಠಿ ಬೆಳೆಯೋರಿಗೆ ಓಣಂ ಆದ ಮೇಲೆ ನಿನ್ನ ಎರಡೆಕರೆ ಗೇಣಿಗೆ ಕೊಡಬೇಕು, ಅವರು ಮಣ್ಣು ಕೈಲಿ ಹಿಡಿದು ನೋಡೋ ಜನ, ಅದಕ್ಕೆ ನಿನ್ನ ಮಣ್ಣು ಬೆಚ್ಚಗೆ ಇಟ್ಕೊಂಡೆ. ತಿಳೀದೆ ಮಾಡಿದ್ರೆ ನಾನು ಕ್ಷಮಿಸ್ತಿದ್ದೆ, ಕುಡಿದು ಮಾಡಿದ್ರೂ ಕ್ಷಮಿಸ್ತಿದ್ದೆ. ನೀನು ಬದುವಿನ ಮೇಲೆ ನಿಂತು, ಆ ಕಡೆ ನೋಡಿ, ಈ ಕಡೆ ನೋಡಿ, ಬೆರಳು ತೋರಿಸಿ ಹೇಳಿದೀಯ. ನಿನಗೆ ಎರಡು ಮಣ್ಣಿನ ಬೆಲೆಯೂ ಚೆನ್ನಾಗಿ ಗೊತ್ತಿತ್ತು. ನನ್ನ ಮೇಲೆ ದ್ವೇಷ ಇತ್ತೇನೋ ಅಂತ ಯೋಚಿಸಿ ನೋಡ್ದೆ, ಅದೂ ಇಲ್ಲ. ಸಸಾರ, ಅಷ್ಟೇ. ನಾನು ಬೈದು, ಅತ್ತು, ಗೌರಿ ಹಬ್ಬಕ್ಕೆ ನೀನು ಒಂದು ಬಾಗಿನ ತಂದು ಮುಂದೆ ನಿಂತ್ರೆ ಸುಮ್ಮನಾಗ್ತೀನಿ ಅಂತ ಲೆಕ್ಕ ಹಾಕಿದೀಯ.

ಆ ಲೆಕ್ಕ ಕಲಿಸಿದೋಳು ಅವ್ವ. ಒಂದು ಮೊಟ್ಟೆ ಇದ್ರೆ ಅದು ನಿನಗೆ, ಎರಡಿದ್ರೆ ದೊಡ್ಡದು ನಿನಗೆ. ನೀನು ನನ್ನ ಎಸ್ಸೆಸ್ಸೆಲ್ಸಿ ಪುಸ್ತಕ ಹರಿದು ಗಾಳಿಪಟ ಮಾಡಿದಾಗಲೂ ಚಿಕ್ಕೋನು ಓಗ್ಲಿ ಬುಡಮ್ಮಿ ಅಂದೋಳು. ಶುಕ್ರವಾರ ರಾತ್ರಿ ಊಟ ಆದ ಮೇಲೆ ಅವಳಿಗೆ ಎಲ್ಲಾ ಹೇಳ್ದೆ. ಟೈಲ್ಸ್ ಚೂರು ತೋರಿಸಿದೆ. ಅದನ್ನ ತಿರುಗಿಸಿ ತಿರುಗಿಸಿ ನೋಡಿ, ಎಲೆ ಅಡಿಕೆ ಹಾಕ್ಕೊಂಡು ಮಲಗಿದಳು. ಈ ಸಲವೂ ಅಷ್ಟೇ ಅಂತ ನಾನು ಗೋಡೆ ಕಡೆ ತಿರುಗಿ ಮಲಗಿದೆ.

ಮಾರನೇ ದಿನ ಬೆಳಿಗ್ಗೆ ಪುಟ್ಟಮಾದಣ್ಣನ ಮನೆ ಬಾಗಿಲಿಗೆ ಹೋಗಿ ತಪ್ಪಾಯ್ತು ಅಂತ ಕೇಳ್ದೆ. ನಿನ್ನ ಮಾತು ಕೇಳಿ ಅವನ ಅನ್ನಕ್ಕೂ ಮಣ್ಣು ಹಾಕ್ದೆನಲ್ಲ. ಅವನ ಹೆಂಡತಿ ದೊಡ್ಡಮಾದಮ್ಮ ಒಳಗಿಂದ ಚಾಪೆ ತಂದು ಹಾಕಿದಳು, ಟೀ ಕೊಟ್ಟಳು, ಕುಡಿದೆ. ಬೀಜ ನಂದು ಓಯ್ತು, ಒಲ ನಿಮ್ದು ಓಯ್ತು, ಇನ್ನೇನ್ ಮಾತಾಡದು ಬುಡಿ ಅವ್ವಾರೆ ಅಂದ ಅವನು. ಬೈದಿದ್ರೆ ಎಷ್ಟೋ ವಾಸಿಯಾಗ್ತಿತ್ತು. ಈ ವರ್ಷ ಅವನು ಅರಿಶಿನ ಬಿಟ್ಟು ಯಾರದೋ ಬಾಳೆತೋಟಕ್ಕೆ ಕೂಲಿಗೆ ಹೋಗ್ತಿದಾನೆ, ಇದನ್ನೂ ನೀನು ತಿಳ್ಕೊಂಡಿರು.

ಇನ್ನು ಗೌರಿ ಹಬ್ಬದ ಮಾತು. ಮುಂದಿನ ಮಂಗಳವಾರ ಹಬ್ಬ. ಬಾಗಿನ ತಗೊಂಡು ಕುದೇರಿಗೆ ಬರಬೇಡ. ಮೊರ, ಬಳೆ, ಸೀರೆ, ಏನೂ ಬೇಡ, ಬಂದ್ರೆ ಬಾಗಿಲು ತೆಗೆಯೋದಿಲ್ಲ. ನಿಮ್ಮ ಭಾವ ಮೆತ್ತಗಿನ ಮನುಷ್ಯ, ಒಳಗೆ ಕರೀಬಹುದು, ನೀನು ಒಳಗೆ ಬಂದ್ರೆ ನಾನು ಹಿತ್ತಲ ಬಾಗಿಲಿಂದ ಹೊರಗೆ ಹೋಗ್ತೀನಿ. ನಿನ್ನ ದುಡ್ಡೂ ಬೇಡ, ಅದನ್ನ ಮಧುಶ್ರೀ ಕೈಲಿ ಕಳಿಸೋದೂ ಬೇಡ. ಇಷ್ಟು ದಿನ ನಮ್ಮಿಬ್ಬರ ನಡುವೆ ಒಂದು ಬದು ಇತ್ತು, ಅದರ ಮೇಲೆ ಇಬ್ಬರೂ ಕೂತ್ಕೋಬಹುದಿತ್ತು. ಈಗ ನನಗೆ ಮನಸ್ಸಿಲ್ಲ.

ಹುಷಾರಾಗಿರು. ಕಾಡುದಾರೀಲಿ ಗಾಡಿ ನಿಧಾನ ಓಡಿಸು, ಆನೆ ಕಂಡ್ರೆ ಹಾರನ್ ಮಾಡಬೇಡ. ದೇವರು ನಿನಗೆ ಆಯಸ್ಸು ಆರೋಗ್ಯ ಕೊಡಲಿ, ಬುದ್ಧಿನೂ ಕೊಡಲಿ, ಮೂರನೇದನ್ನ ಮೊದಲು ಕೊಡಲಿ. ಪಾಪೂಗೆ ನನ್ನ ಮುತ್ತು, ಅವಳು ಇಲ್ಲೇ ಮಡಿಲಲ್ಲಿ ಕೂತಿದಾಳೆ, ಆದ್ರೂ ಬರೀತೀನಿ.

ಇಂತಿ ನಿನ್ನ ಅಕ್ಕ, ಅದನ್ನ ನಿನ್ನಿಂದಲೂ ನನ್ನಿಂದಲೂ ಬದಲಾಯಿಸೋಕಾಗಲ್ಲ,
ದಾನೇಶ್ವರಿ

ವಿ.ಸೂ.: ಶಶಿಕುಮಾರ ಬತ್ತೇರಿಗೆ ಹೊರಟು ನಿಂತಿದಾನೆ, ರಾತ್ರಿ ಕಾಡಿನ ಗೇಟು ಹಾಕೋದ್ರೊಳಗೆ ದಾಟಬೇಕಂತೆ, ಬೇಗ ಬೇಗ ಬರೀತೀನಿ. ಶನಿವಾರದಿಂದ ನಿನ್ನೆ ಸಂಜೆವರೆಗೆ ಮೂರು ದಿನ ಹೊಲದಲ್ಲಿ ಕೆಲಸ ಮಾಡಿಸಿದೆ. ನಿನ್ನ ಗುಂಡ್ಲುಪೇಟೆ ಮಣ್ಣನ್ನೆಲ್ಲ ಬಳಿದು ಬದುವಿನ ಆಚೆಗೆ ಹಾಕ್ಸಿದೀನಿ, ನಿನ್ನ ಹೊಲದ ಮೇಲುಮಣ್ಣು ಈಗ ನನ್ನ ಇಪ್ಪತ್ತು ಗುಂಟೇಲಿದೆ, ಪುಟ್ಟಮಾದಣ್ಣ ಕೂಲಿಗೆ ಹೋಗದೆ ನಿಂತು ಹರಡಿಸಿದ. ಟಿಪ್ಪರ್ ನಿನ್ನದೇ. ಬೀಗದ ಕೈ ಮಧುಶ್ರೀ ಕೊಟ್ಟಳು, ಶಶಿಕುಮಾರನನ್ನ ಬೈಬೇಡ, ಅವನು ಬೇಡ ಬೇಡ ಅಂತಲೇ ಓಡಿಸಿದ. ಶುಂಠಿಯವರನ್ನ ಕರ್ಕೊಂಡು ಬರೋ ಮುಂಚೆ ನೀನೊಬ್ಬನೇ ಬಂದು ಒಂದ್ಸಲ ನೋಡ್ಕೊ. ಮೂರು ದಿನವೂ ಅವ್ವ ಮಂಡಿ ನೋಯ್ತಿದ್ರೂ ಕೊಡೆ ಹಿಡ್ಕೊಂಡು ಬದುವಿನ ಮೇಲೇ ಕೂತಿದ್ದಳು. ನನ್ನದು ಎಷ್ಟು ಹೋಗಿತ್ತೋ ಅಷ್ಟು, ಒಂದಡಿ ಸಾಕು ಅಂತ ನಾನು ಜೆಸಿಬಿಯವನಿಗೆ ಹೇಳಿದ್ದೆ. ಅವ್ವ ಎದ್ದು ಹೋಗಿ ಅವನ ಪಕ್ಕ ನಿಂತು, ಇನ್ನೂ ಅರ್ಧ ಅಡಿ ಇಳ್ಸಪ್ಪ ಅಂದಳು.